ಆರ್‌ವಿಯಲ್ಲಿ (ವಾಸಕ್ಕೆ ಸಜ್ಜಾದ ಗಾಡಿಯಲ್ಲಿ) ಡೆಸ್ಕ್‌ಟಾಪ್ ಓಡಿಸುವುದು: ಓದುಗರ ಪ್ರಶ್ನೆ, ನಮ್ಮ ಉತ್ತರ

ಪ್ರಶ್ನೆ: ನಾವಿರುವುದು ಅರಿಜೋನಾದ ಫೀನಿಕ್ಸ್‌ನಲ್ಲಿ. ಚಳಿಗಾಲದಲ್ಲಿ ಟ್ರೇಲರ್ ಎಳೆದುಕೊಂಡು ಕ್ವಾರ್ಟ್ಜ್‌ಸೈಟ್ ಕಡೆ ಹೋಗಿ, ಕರೆಂಟ್ ಇಲ್ಲದ ಸರ್ಕಾರಿ ಬಯಲಿನಲ್ಲಿ ಎರಡು ವಾರ ಉಳಿಯುತ್ತೇವೆ. ವಿಡಿಯೋ ಎಡಿಟಿಂಗ್‌ಗೆ ಡೆಸ್ಕ್‌ಟಾಪ್ ಬೇಕೇ ಬೇಕು. ಅದರ ಪವರ್ ಸಪ್ಲೈ 750 ವ್ಯಾಟ್, ಮಾನಿಟರ್ 27 ಇಂಚಿನದು. ಟ್ರೇಲರ್‌ನಲ್ಲಿ 80 ಆಂಪ್-ಅವರ್‌ನ ಎರಡು ಲೆಡ್-ಆಸಿಡ್ ಬ್ಯಾಟರಿ, 1000 ವ್ಯಾಟ್‌ನ ಅಗ್ಗದ ಇನ್ವರ್ಟರ್, ಚಾವಣಿಯಲ್ಲಿ 200 ವ್ಯಾಟ್ ಸೋಲಾರ್ ಇವೆ. ಮಾಮೂಲಿ ಕೆಲಸ ನಡೆಯುತ್ತದೆ, ಆದರೆ ರೆಂಡರಿಂಗ್ (ಎಡಿಟ್ ಮಾಡಿದ್ದನ್ನು ಅಂತಿಮ ವಿಡಿಯೋ ಆಗಿ ಹೊರತೆಗೆಯುವುದು) ಶುರುವಾದ ಕೂಡಲೇ ಇನ್ವರ್ಟರ್ ಕೀಂ ಎಂದು ಕೂಗಿ ಆಫ್ ಆಗುತ್ತದೆ. 2000 ವ್ಯಾಟ್‌ನದು ಕೊಳ್ಳಬೇಕೇ?

ಉತ್ತರ: ಬೇಡ. ದೊಡ್ಡ ಇನ್ವರ್ಟರ್ ಹಾಕಿದರೂ ಇದೇ ತೊಂದರೆ ಬರುತ್ತದೆ. ಅದು ಸುಮ್ಮನೆ ಆನ್ ಇರುವುದಕ್ಕೇ ಹೆಚ್ಚು ವಿದ್ಯುತ್ ತಿನ್ನುವುದರಿಂದ ಬ್ಯಾಟರಿ ಇನ್ನೂ ಬೇಗ ಖಾಲಿಯಾಗುತ್ತದೆ.

750 ವ್ಯಾಟ್ ಎಂದರೆ ಆ ಪವರ್ ಸಪ್ಲೈ ಗರಿಷ್ಠ ಎಷ್ಟು ಕೊಡಬಲ್ಲದು ಎಂಬ ಲೆಕ್ಕ. ಕಂಪ್ಯೂಟರ್ ಅಷ್ಟನ್ನು ಎಳೆಯುವುದಿಲ್ಲ. ನಿಮ್ಮಂಥ ಯಂತ್ರ ಬರವಣಿಗೆ, ಬ್ರೌಸಿಂಗ್ ಹೊತ್ತಿನಲ್ಲಿ ಸುಮಾರು 80 ವ್ಯಾಟ್ ಎಳೆಯುತ್ತದೆ, ಮಾನಿಟರ್ 30. ರೆಂಡರಿಂಗ್‌ನಲ್ಲಿ ಎಲ್ಲ ಸೇರಿ 400ರಿಂದ 450. ಅಂದರೆ 1000 ವ್ಯಾಟ್ ಇನ್ವರ್ಟರಿಗೆ ಇದು ಅರ್ಧ ಹೊರೆಯೂ ಅಲ್ಲ. ಅದು ನಿಲ್ಲುತ್ತಿರುವುದು ತನ್ನ ಬಾಗಿಲಿಗೆ ಬರುವ 12 ವೋಲ್ಟ್ ಕುಸಿಯುತ್ತಿರುವುದರಿಂದ.

ಲೆಕ್ಕ ಹಾಕಿ ನೋಡಿ. 430 ವ್ಯಾಟ್ ಹೊರಗೆ ಕೊಡಲು ಶೇ. 88 ದಕ್ಷತೆಯ ಇನ್ವರ್ಟರ್ 490 ವ್ಯಾಟ್ ಒಳಗೆ ಎಳೆಯುತ್ತದೆ, 12 ವೋಲ್ಟ್‌ನಲ್ಲಿ ಅದು 41 ಆಂಪ್. ಅಗ್ಗದ ಇನ್ವರ್ಟರ್ ಜೊತೆ ಬರುವ ಕೇಬಲ್ ಹೆಚ್ಚಾಗಿ 8 ಗೇಜ್‌ನದು (ಗೇಜ್ ಸಂಖ್ಯೆ ಇಳಿದಷ್ಟೂ ತಂತಿ ದಪ್ಪ). ಬ್ಯಾಟರಿ ಟ್ರೇಲರ್ ಮೂತಿಯಲ್ಲಿ, ಇನ್ವರ್ಟರ್ ಒಳಗೆ ಮೂರು ಮೀಟರ್ ದೂರದಲ್ಲಿ ಇದ್ದರೆ ಹೋಗಿ ಬರುವ ತಂತಿ ಆರು ಮೀಟರ್. ಅಷ್ಟರಲ್ಲೇ ಅರ್ಧ ವೋಲ್ಟ್ ಹೋಯಿತು. ಸಡಿಲ ಲಗ್ (ಕೇಬಲ್ ತುದಿಯ ಲೋಹದ ಬಳೆ), ಫ್ಯೂಸ್ ಹೋಲ್ಡರ್ ಸೇರಿ ಇನ್ನೊಂದು ಕಾಲು ವೋಲ್ಟ್. ಅರ್ಧ ಖಾಲಿಯಾದ ಲೆಡ್-ಆಸಿಡ್ ಬ್ಯಾಟರಿ 41 ಆಂಪ್ ಹೊರೆ ಬಿದ್ದಾಗ ತಾನೇ 11.6ಕ್ಕೆ ಇಳಿದಿರುತ್ತದೆ. ಇನ್ವರ್ಟರ್‌ಗೆ ಸಿಗುವುದು 10.85. ಬಹುತೇಕ ಇನ್ವರ್ಟರ್‌ಗಳು 11ರ ಆಸುಪಾಸಿನಲ್ಲಿ ಕೂಗಿ 10.5ರ ಹತ್ತಿರ ನಿಲ್ಲುತ್ತವೆ. ವೋಲ್ಟೇಜ್ ಇಳಿದಷ್ಟೂ ಅದೇ ವ್ಯಾಟ್‌ಗಾಗಿ ಇನ್ವರ್ಟರ್ ಹೆಚ್ಚು ಆಂಪ್ ಎಳೆಯುವುದರಿಂದ ಕೊನೆಯ ಕುಸಿತ ಥಟ್ಟನೆ ಆಗುತ್ತದೆ.

ದೋಷ ಎಲ್ಲಿದೆಯೆಂದು ತಿಳಿಯಲು ಸಾದಾ ಮಲ್ಟಿಮೀಟರ್ ಸಾಕು. ರೆಂಡರಿಂಗ್ ನಡೆಯುತ್ತಿರುವಾಗಲೇ ಮೊದಲು ಬ್ಯಾಟರಿಯ ಕಂಬಗಳ ಮೇಲೆ, ತಕ್ಷಣ ಇನ್ವರ್ಟರ್‌ನ ಟರ್ಮಿನಲ್ ಮೇಲೆ ಅಳೆಯಿರಿ. ಎರಡರ ನಡುವೆ 0.3 ವೋಲ್ಟ್‌ಗಿಂತ ಹೆಚ್ಚು ಅಂತರವಿದ್ದರೆ ಕೇಬಲ್ ಅಥವಾ ಜೋಡಣೆಯ ದೋಷ. ಎರಡೂ ಕಡೆ ಕಡಿಮೆಯೇ ಇದ್ದರೆ ಬ್ಯಾಟರಿಗೆ ಶಕ್ತಿ ಉಳಿದಿಲ್ಲ. ಲಗ್ ಮುಟ್ಟಿದಾಗ ಬಿಸಿ ಎನಿಸಿದರೆ ಕ್ರಿಂಪ್ (ಲಗ್ ಅನ್ನು ತಂತಿಗೆ ಒತ್ತಿ ಕೂರಿಸಿದ ಜೋಡಣೆ) ಸರಿಯಾಗಿಲ್ಲ. ಸುತ್ತಿಗೆಯಿಂದ ಬಡಿದ ಲಗ್ ಕತ್ತರಿಸಿ ಹೈಡ್ರಾಲಿಕ್ ಕ್ರಿಂಪರ್‌ನಲ್ಲಿ ಹೊಸದಾಗಿ ಹಾಕಿಸಿ. ಇನ್ವರ್ಟರನ್ನು ಬ್ಯಾಟರಿಗೆ ಒಂದೂವರೆ ಮೀಟರ್ ಒಳಗೆ ತಂದು, 2 ಗೇಜ್ ತಾಮ್ರದ ಕೇಬಲ್, ಬ್ಯಾಟರಿಯ ಪಾಸಿಟಿವ್ ಪಕ್ಕದಲ್ಲೇ 125 ಆಂಪ್ ಫ್ಯೂಸ್ ಹಾಕಿ. ಆಗ 41 ಆಂಪ್‌ನಲ್ಲಿ ಕೇಬಲ್ ನುಂಗುವುದು 0.06 ವೋಲ್ಟ್ ಮಾತ್ರ. 12 ವೋಲ್ಟ್ ಕೇಬಲ್ ಗಿಡ್ಡವಿರಲಿ, 120 ವೋಲ್ಟ್ ಕೇಬಲ್ ಎಷ್ಟು ಉದ್ದ ಎಳೆದರೂ ಚಿಂತೆಯಿಲ್ಲ. ಬ್ಯಾಟರಿಯಿರುವ ಪೆಟ್ಟಿಗೆಯೊಳಗೇ ಮಾತ್ರ ಇನ್ವರ್ಟರ್ ಇಡಬೇಡಿ, ಲೆಡ್-ಆಸಿಡ್ ಬ್ಯಾಟರಿಯಿಂದ ಹೈಡ್ರೋಜನ್ ಬರುತ್ತದೆ.

ಇನ್ವರ್ಟರ್ ಬದಲಿಸುವುದಾದರೆ 1000 ವ್ಯಾಟ್‌ನದೇ, ಆದರೆ ಮನೆಯ ಕರೆಂಟಿನಂತೆ ನಯವಾದ ಅಲೆ ಕೊಡುವ ಪ್ಯೂರ್ ಸೈನ್‌ವೇವ್ ತನ್ನಿ. ಇಂದಿನ ಕಂಪ್ಯೂಟರ್ ಪವರ್ ಸಪ್ಲೈಗಳಲ್ಲಿರುವ ಆ್ಯಕ್ಟಿವ್ ಪಿಎಫ್‌ಸಿ (ಎಳೆಯುವ ಕರೆಂಟನ್ನು ವೋಲ್ಟೇಜಿನ ಅಲೆಗೆ ಹೊಂದಿಸುವ) ಸರ್ಕ್ಯೂಟ್ ಅಗ್ಗದ ಇನ್ವರ್ಟರ್‌ಗಳ ಮಾಡಿಫೈಡ್ ಸೈನ್‌ವೇವ್‌ನ ಮೆಟ್ಟಿಲಿನಂಥ ಅಲೆಯ ಜೊತೆ ಹೊಂದಿಕೊಳ್ಳುವುದಿಲ್ಲ. ಕೆಲವು ಗುಂಯ್‌ಗುಡುತ್ತವೆ, ಕೆಲವು ಬಿಸಿಯಾಗುತ್ತವೆ, ಕೆಲವು ಹೊರೆ ಏರಿದಾಗ ರೀಸ್ಟಾರ್ಟ್ ಆಗುತ್ತವೆ.

ಇನ್ನು ದಿನದ ಲೆಕ್ಕ. ಆರು ಗಂಟೆ ಹಗುರ ಕೆಲಸ 660 ವ್ಯಾಟ್-ಅವರ್, ಎರಡು ಗಂಟೆ ರೆಂಡರಿಂಗ್ 860. ಇನ್ವರ್ಟರ್ ನಷ್ಟ ಸೇರಿಸಿದರೆ 1,730. ಊರ ಕಡೆಯ ಕರೆಂಟ್ ಬಿಲ್ಲಿನ ಭಾಷೆಯಲ್ಲಿ ಒಂದೂಮುಕ್ಕಾಲು ಯೂನಿಟ್. ಚಳಿಗಾಲದ ರಾತ್ರಿಯಲ್ಲಿ ಫರ್ನೇಸ್ ಫ್ಯಾನ್, ದೀಪ, ನೀರಿನ ಪಂಪ್ ಸೇರಿ ಮತ್ತೆ 400. ಇಂಟರ್ನೆಟ್‌ಗೆ ಸ್ಟಾರ್‌ಲಿಂಕ್ ಮಿನಿ ಹತ್ತು ಗಂಟೆ ಓಡಿದರೆ 300. ಒಟ್ಟು 2,400ರ ಹತ್ತಿರ. ನಿಮ್ಮ ಎರಡು ಲೆಡ್-ಆಸಿಡ್ ಬ್ಯಾಟರಿಗಳಲ್ಲಿ ಇರುವುದು 1,920. ಅರ್ಧಕ್ಕಿಂತ ಕೆಳಗೆ ಪದೇಪದೇ ಇಳಿಸಿದರೆ ಅವು ಬೇಗ ಸಾಯುವುದರಿಂದ ಬಳಕೆಗೆ ಸಿಗುವುದು 960 ಮಾತ್ರ. ತೊಂದರೆಯ ಬೇರು ಇಲ್ಲಿದೆ.

ಸೋಲಾರ್ ಕಡೆ ಪರಿಸ್ಥಿತಿ ಇನ್ನೂ ಬಿಗಿ. ಕ್ವಾರ್ಟ್ಜ್‌ಸೈಟ್‌ನಲ್ಲಿ ಡಿಸೆಂಬರ್ ಕೊನೆಗೆ ನಡುಮಧ್ಯಾಹ್ನದಲ್ಲೂ ಸೂರ್ಯ ದಿಗಂತದಿಂದ 33 ಡಿಗ್ರಿ ಮಾತ್ರ ಮೇಲಿರುತ್ತಾನೆ. ಚಾವಣಿಗೆ ಮಟ್ಟಸವಾಗಿ ಮಲಗಿಸಿದ ಪ್ಯಾನೆಲ್‌ಗೆ ಆಗ ನೇರ ಬಿಸಿಲಿನ ಅರ್ಧಕ್ಕಿಂತ ಸ್ವಲ್ಪ ಹೆಚ್ಚು ದಕ್ಕುತ್ತದೆ. 200 ವ್ಯಾಟ್ ಪ್ಯಾನೆಲ್‌ನಿಂದ ದಿನಕ್ಕೆ 450ರಿಂದ 500 ವ್ಯಾಟ್-ಅವರ್ ಬಂದರೆ ಹೆಚ್ಚು. ಅದನ್ನೇ ದಕ್ಷಿಣಕ್ಕೆ ಮುಖ ಮಾಡಿ 50-55 ಡಿಗ್ರಿ ಎತ್ತಿ ನಿಲ್ಲಿಸಿದರೆ 800ರ ಆಸುಪಾಸು. ಚಾವಣಿಯ ಎಸಿ ಡಬ್ಬದ ನೆರಳು ಒಂದು ಮೂಲೆಗೆ ಬಿದ್ದರೂ ಸಾಲಿನಲ್ಲಿ ಜೋಡಿಸಿದ ಪ್ಯಾನೆಲ್‌ಗಳ ಉತ್ಪಾದನೆ ಬಹಳ ಇಳಿಯುತ್ತದೆ. ಅದಕ್ಕೇ ನೆಲದ ಮೇಲೆ ಬಿಡಿಸಿಡುವ ಪ್ಯಾನೆಲ್ ಚಳಿಗಾಲಕ್ಕೆ ವಾಸಿ.

ಹಣ ಸುರಿಯುವ ಮೊದಲು ಬೇಡಿಕೆ ಇಳಿಸಿ. ಗ್ರಾಫಿಕ್ಸ್ ಕಾರ್ಡ್‌ನ ಪವರ್ ಲಿಮಿಟ್ ಅನ್ನು ಶೇ. 70ಕ್ಕೆ ತನ್ನಿ, ಪ್ರೊಸೆಸರ್ ಎಎಂಡಿ ಆಗಿದ್ದರೆ ಬಯೋಸ್‌ನಲ್ಲಿ ಇಕೋ ಮೋಡ್ ಹಾಕಿ. ಬಹುತೇಕ ಕಾರ್ಡ್‌ಗಳಲ್ಲಿ ವೇಗ ಕಡಿಮೆಯಾಗುವುದು ಶೇ. 10ರ ಒಳಗೆ, ವಿದ್ಯುತ್ ಉಳಿಯುವುದು ಕಾಲು ಭಾಗಕ್ಕೂ ಹೆಚ್ಚು. ರೆಂಡರಿಂಗನ್ನು ಬೆಳಗ್ಗೆ ಹನ್ನೊಂದರಿಂದ ಎರಡರ ನಡುವೆ ಮಾಡಿ, ಆಗ ಪ್ಯಾನೆಲ್‌ನ ವಿದ್ಯುತ್ ಬ್ಯಾಟರಿಗೆ ಹೋಗಿ ಬರುವ ನಷ್ಟವಿಲ್ಲದೆ ನೇರವಾಗಿ ಕೆಲಸಕ್ಕೆ ಬರುತ್ತದೆ. ಕೆಲಸ ಮುಗಿದ ಮೇಲೆ ಇನ್ವರ್ಟರನ್ನೇ ಆಫ್ ಮಾಡಿ. ಸುಮ್ಮನಿರುವಾಗಲೂ 20 ವ್ಯಾಟ್ ತಿನ್ನುವ ಇನ್ವರ್ಟರ್ ಉಳಿದ ಹದಿನಾರು ಗಂಟೆಯಲ್ಲಿ 320 ವ್ಯಾಟ್-ಅವರ್ ತಿಂದುಹಾಕುತ್ತದೆ.

ಆಮೇಲೆ 200 ಆಂಪ್-ಅವರ್ ಲಿಥಿಯಂ ಐರನ್ ಫಾಸ್ಫೇಟ್ ಬ್ಯಾಟರಿ ಹಾಕಿ. 2,560 ವ್ಯಾಟ್-ಅವರ್‌ನಲ್ಲಿ 2,300 ಧಾರಾಳವಾಗಿ ಬಳಸಬಹುದು. ಜೊತೆಗೆ ಎಂಪಿಪಿಟಿ ಕಂಟ್ರೋಲರ್ (ಪ್ಯಾನೆಲ್‌ನಿಂದ ಗರಿಷ್ಠ ವಿದ್ಯುತ್ ಹಿಂಡಿ ಬ್ಯಾಟರಿ ತುಂಬುವ ಸಾಧನ), ಎತ್ತಿ ನಿಲ್ಲಿಸಬಲ್ಲ 600 ವ್ಯಾಟ್ ಪ್ಯಾನೆಲ್. ಮೋಡದ ದಿನಕ್ಕೆ 2000 ವ್ಯಾಟ್ ಒಳಗಿನ ಪುಟ್ಟ ಇನ್ವರ್ಟರ್ ಜನರೇಟರ್ ಇರಲಿ, ಕಿಟಕಿಯಿಂದ ದೂರ. ಕಾರ್ಬನ್ ಮಾನಾಕ್ಸೈಡ್‌ಗೆ ವಾಸನೆಯಿಲ್ಲ. ಲಿಥಿಯಂ ಬ್ಯಾಟರಿ ಶಾರ್ಟ್ ಆದರೆ ಸಾವಿರಾರು ಆಂಪ್ ಹರಿಯುತ್ತದೆ, ಆದ್ದರಿಂದ ಮುಖ್ಯ ಫ್ಯೂಸ್ ಕ್ಲಾಸ್ ಟಿ ಬಗೆಯದೇ ಆಗಲಿ. ಟ್ರೇಲರ್‌ನ ಹಳೆಯ ಕನ್ವರ್ಟರ್ (ಹೊರಗಿನ ಕರೆಂಟಿನಿಂದ ಬ್ಯಾಟರಿ ತುಂಬುವ ಸಾಧನ) 13.6 ವೋಲ್ಟ್‌ಗೇ ನಿಲ್ಲುವಂಥದ್ದಾದರೆ ಲಿಥಿಯಂ ತುಂಬಲು ವಿಪರೀತ ಹೊತ್ತು ಹಿಡಿಯುತ್ತದೆ, ಪೂರ್ತಿ ತುಂಬದೆಯೂ ಉಳಿಯಬಹುದು. 14.2-14.4 ಕೊಡುವಂಥದ್ದಕ್ಕೆ ಬದಲಿಸಿ. ವೋಲ್ಟ್ ನೋಡಿ ಎಷ್ಟು ಉಳಿದಿದೆ ಎಂದು ಊಹಿಸುವ ಅಭ್ಯಾಸ ಇಲ್ಲಿ ನಡೆಯುವುದಿಲ್ಲ, ಬಹುಪಾಲು ಹೊತ್ತು ಅದು 13.2ರ ಸುತ್ತಲೇ ಇರುತ್ತದೆ. ನೆಗೆಟಿವ್ ತಂತಿಯಲ್ಲಿ ಶಂಟ್ (ಹರಿಯುವ ಕರೆಂಟನ್ನು ಅಳೆಯುವ ಭಾಗ) ಇರುವ ಬ್ಯಾಟರಿ ಮಾನಿಟರ್ ಬೇಕು. ಸೊನ್ನೆ ಡಿಗ್ರಿ ಸೆಲ್ಸಿಯಸ್‌ಗಿಂತ ಕೆಳಗೆ ಲಿಥಿಯಂ ಬ್ಯಾಟರಿಗೆ ಚಾರ್ಜ್ ಕೊಡಕೂಡದು, ಕೊಟ್ಟರೆ ಸೆಲ್ ಶಾಶ್ವತವಾಗಿ ಹಾಳಾಗುತ್ತದೆ. ಮರುಭೂಮಿಯ ರಾತ್ರಿ ನಂಬಬೇಡಿ, ಬ್ಯಾಟರಿಯನ್ನು ಟ್ರೇಲರ್ ಒಳಗೇ ಇಡಿ.

ಪ್ರಶ್ನೆ: ಇನ್ವರ್ಟರ್‌ನ ಸಾಕೆಟ್‌ಗೆ ಟ್ರೇಲರ್‌ನ ದಪ್ಪ ಶೋರ್ ಕೇಬಲ್ಲನ್ನೇ (ಹೊರಗಿನ ಕರೆಂಟ್ ಪಡೆಯುವ ಕೇಬಲ್) ಚುಚ್ಚಿದರೆ ಒಳಗಿನ ಎಲ್ಲ ಪ್ಲಗ್‌ಗಳಿಗೂ ಕರೆಂಟ್ ಬರುತ್ತದೆ. ಆದರೆ ಬ್ಯಾಟರಿ ಮೂರು ಗಂಟೆಯಲ್ಲಿ ಮಲಗುತ್ತದೆ. ಏಕೆ?

ಉತ್ತರ: ಹಾಗೆ ಚುಚ್ಚಿದ ಕೂಡಲೇ ಟ್ರೇಲರ್‌ನ ಕನ್ವರ್ಟರ್ ಹೊರಗಿನ ಕರೆಂಟ್ ಬಂತೆಂದು ತಿಳಿದು ಬ್ಯಾಟರಿ ಚಾರ್ಜ್ ಮಾಡತೊಡಗುತ್ತದೆ. ಬ್ಯಾಟರಿಯಿಂದ ಇನ್ವರ್ಟರ್, ಅಲ್ಲಿಂದ ಕನ್ವರ್ಟರ್, ಮತ್ತೆ ಅದೇ ಬ್ಯಾಟರಿ. ಒಂದೊಂದು ಸುತ್ತಿನಲ್ಲೂ ಕಾಲು ಭಾಗದಷ್ಟು ಶಾಖವಾಗಿ ಹೋಗುತ್ತದೆ. ಜೊತೆಗೆ ಗ್ಯಾಸ್‌ನಲ್ಲಿ ಓಡುತ್ತಿದ್ದ ಫ್ರಿಜ್ ಆಟೋ ಸ್ಥಾನದಲ್ಲಿದ್ದರೆ ತಾನಾಗಿ ವಿದ್ಯುತ್ತಿಗೆ ತಿರುಗಿ 300 ವ್ಯಾಟ್‌ಗೂ ಮೇಲೆ ಎಳೆಯುತ್ತದೆ. ಚುಚ್ಚಲೇಬೇಕೆಂದರೆ ಮೊದಲು ಕನ್ವರ್ಟರ್‌ನ ಬ್ರೇಕರ್ ಇಳಿಸಿ, ಫ್ರಿಜ್ಜನ್ನು ಗ್ಯಾಸ್‌ಗೆ ಕಟ್ಟಿಹಾಕಿ, ವಾಟರ್ ಹೀಟರ್‌ನ ವಿದ್ಯುತ್ ಸ್ವಿಚ್ ಆಫ್ ಮಾಡಿ. ಕಂಪ್ಯೂಟರ್ ಮಾತ್ರ ಬೇಕಿದ್ದರೆ ಇನ್ವರ್ಟರ್‌ನಿಂದ ಒಂದು ಪ್ರತ್ಯೇಕ ಎಕ್ಸ್‌ಟೆನ್ಷನ್ ಎಳೆಯುವುದೇ ಒಳ್ಳೆಯದು.

ಪ್ರಶ್ನೆ: ಪೋರ್ಟಬಲ್ ಪವರ್ ಸ್ಟೇಷನ್‌ನಲ್ಲಿ (ಬ್ಯಾಟರಿ, ಇನ್ವರ್ಟರ್ ಒಂದೇ ಡಬ್ಬದಲ್ಲಿರುವಂಥದ್ದು) ಯುಪಿಎಸ್ ಸೌಲಭ್ಯ ಇದೆ ಎನ್ನುತ್ತಾರೆ. ಜನರೇಟರ್ ನಿಲ್ಲಿಸಿದಾಗ ಡೆಸ್ಕ್‌ಟಾಪ್ ರೀಸ್ಟಾರ್ಟ್ ಆಗದೇ ಇರುತ್ತದೆಯೇ?

ಉತ್ತರ: ಕೈಪಿಡಿಯಲ್ಲಿ ಬದಲಾವಣೆಯ ಸಮಯ ನೋಡಿ. ಪೂರ್ಣ ಹೊರೆಯಲ್ಲಿ ಒಳ್ಳೆಯ ಪವರ್ ಸಪ್ಲೈ ಕರೆಂಟ್ ಇಲ್ಲದೆ 16-17 ಮಿಲಿಸೆಕೆಂಡ್ ತಡೆಯುತ್ತದೆ, ಹಗುರ ಹೊರೆಯಲ್ಲಿ ಇನ್ನೂ ಹೆಚ್ಚು. 10 ಮಿಲಿಸೆಕೆಂಡ್ ಎಂದಿದ್ದರೆ ನಿಶ್ಚಿಂತೆ. 20-30 ಎಂದಿದ್ದರೆ ರೆಂಡರಿಂಗ್ ನಡುವೆ ಕೈಕೊಡಬಹುದು. ಜನರೇಟರ್ ನಿಲ್ಲಿಸುವ ಮೊದಲು ಫೈಲ್ ಸೇವ್ ಮಾಡಿ.

ಪ್ರಶ್ನೆ: ಹುಬ್ಬಳ್ಳಿಯಲ್ಲಿದ್ದೇನೆ. ವ್ಯಾನ್ ಒಂದನ್ನು ಕ್ಯಾಂಪರ್ ಮಾಡುವ ಆಸೆ. ಮನೆಯ ಇನ್ವರ್ಟರ್, 150 ಆಂಪ್-ಅವರ್ ಟ್ಯೂಬುಲರ್ ಬ್ಯಾಟರಿ ಇವೆ. ಅವನ್ನೇ ಹಾಕಬಹುದೇ?

ಉತ್ತರ: ವ್ಯಾನಿಗೆ ಅವು ತಕ್ಕವಲ್ಲ. ಟ್ಯೂಬುಲರ್ ಬ್ಯಾಟರಿ ಐವತ್ತು ಕಿಲೋಗೂ ಹೆಚ್ಚು ತೂಗುತ್ತದೆ, ಘಾಟಿಯಲ್ಲಿ ವಾಲಿದಾಗ ಆಸಿಡ್ ಚೆಲ್ಲುತ್ತದೆ, ಮಲಗುವ ಜಾಗದೊಳಗೆ ಹೈಡ್ರೋಜನ್ ಬಿಡುತ್ತದೆ. 150 ಎಂಬುದು ಇಪ್ಪತ್ತು ಗಂಟೆಯಲ್ಲಿ ನಿಧಾನವಾಗಿ, 7.5 ಆಂಪ್‌ನಂತೆ ಖಾಲಿ ಮಾಡಿದಾಗಿನ ಲೆಕ್ಕ. 30-40 ಆಂಪ್ ಎಳೆದರೆ ಅಷ್ಟು ಸಿಗದು. ಇನ್ವರ್ಟರ್ ಸ್ಕ್ವೇರ್‌ವೇವ್ ಆಗಿದ್ದರೆ ಕಂಪ್ಯೂಟರಿಗೆ ಅದು ಬೇಡವೇ ಬೇಡ.

ನಿಮಗೆ ನನ್ನ ಸಲಹೆ, ಗೋಪುರದಂಥ ಡೆಸ್ಕ್‌ಟಾಪ್ ಮನೆಯಲ್ಲಿರಲಿ. 19 ವೋಲ್ಟ್‌ನಲ್ಲಿ ನಡೆಯುವ ಮಿನಿ ಪಿಸಿ ಮತ್ತು 24 ಇಂಚಿನ ಮಾನಿಟರ್ ಸೇರಿ ಸುಮಾರು 50 ವ್ಯಾಟ್, ಎಂಟು ಗಂಟೆಗೆ 400 ವ್ಯಾಟ್-ಅವರ್. 12ರಿಂದ 19 ವೋಲ್ಟ್‌ಗೆ ಏರಿಸುವ ಡಿಸಿ ಕನ್ವರ್ಟರ್ ಹಾಕಿದರೆ ಇನ್ವರ್ಟರ್ ಬೇಕಾಗುವುದಿಲ್ಲ. 12 ವೋಲ್ಟ್ ಅಡಾಪ್ಟರ್ ಇರುವ ಮಾನಿಟರನ್ನು ನೇರ ಬ್ಯಾಟರಿಗೆ ಜೋಡಿಸಬೇಡಿ. ಚಾರ್ಜ್ ಆಗುವಾಗ 14.4 ವೋಲ್ಟ್ ಬಂದು ಅದು ಸುಟ್ಟುಹೋದೀತು, ನಡುವೆ 12 ವೋಲ್ಟ್ ರೆಗ್ಯುಲೇಟರ್ ಇರಲಿ. 100 ಆಂಪ್-ಅವರ್‌ನ ಒಂದೇ ಲಿಥಿಯಂ ಐರನ್ ಫಾಸ್ಫೇಟ್ ಬ್ಯಾಟರಿ ಇದನ್ನು ಎರಡೂವರೆ ದಿನ ನಡೆಸುತ್ತದೆ.

ಚಾರ್ಜಿಗೆ ಸೋಲಾರ್ ಒಂದನ್ನೇ ನೆಚ್ಚಬೇಡಿ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಮಲೆನಾಡಿನಲ್ಲಿ ಮೋಡ ಕವಿದ ದಿನ ಪ್ಯಾನೆಲ್ ಕಾಲು ಭಾಗವನ್ನೂ ಕೊಡುವುದು ಅನುಮಾನ. ಗಾಡಿಯ ಆಲ್ಟರ್ನೇಟರ್‌ನಿಂದ 30 ಆಂಪ್‌ನ ಡಿಸಿ-ಡಿಸಿ ಚಾರ್ಜರ್ ಮೂಲಕ ತುಂಬಿಸಿ; ಎರಡು ಗಂಟೆ ಓಡಿಸಿದರೆ ಸುಮಾರು ಎರಡು ದಿನದ ಕೆಲಸಕ್ಕೆ ಸಾಕು. ಚಾರ್ಜರ್ ಇಲ್ಲದೆ ನೇರ ಜೋಡಿಸಿದರೆ ಖಾಲಿ ಲಿಥಿಯಂ ಬ್ಯಾಟರಿ ಮಿತಿಯಿಲ್ಲದೆ ಕರೆಂಟ್ ಎಳೆಯುತ್ತದೆ, ಐಡ್ಲಿಂಗ್‌ನಲ್ಲಿ ತಂಪಾಗದ ಆಲ್ಟರ್ನೇಟರ್ ಸುಡುತ್ತದೆ. ಗಾಡಿಯ ಮೂಲ ರಚನೆ ಬದಲಿಸುವ ಮೊದಲು ಆರ್‌ಟಿಒದಲ್ಲಿ ವಿಚಾರಿಸಿ, ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಇದಕ್ಕೆ ಅನ್ವಯಿಸುತ್ತದೆ.

ಪ್ರಶ್ನೆ: ಡೆಸ್ಕ್‌ಟಾಪ್ ಕ್ಯಾಬಿನೆಟ್ಟನ್ನು ಗಾಡಿಯಲ್ಲಿ ಹೇಗೆ ಸಾಗಿಸಬೇಕು?

ಉತ್ತರ: ಮದರ್‌ಬೋರ್ಡ್ ಕೆಳಗೆ ಬರುವಂತೆ ಅಡ್ಡ ಮಲಗಿಸಿ, ಕೆಳಗೆ ದಪ್ಪ ಫೋಮ್. ಭಾರದ ಗ್ರಾಫಿಕ್ಸ್ ಕಾರ್ಡ್ ಬಿಚ್ಚಿ ಬೇರೆ ಡಬ್ಬದಲ್ಲಿಡಿ. ಹಾರ್ಡ್‌ಡಿಸ್ಕ್ ಬದಲು ಎಸ್‌ಎಸ್‌ಡಿ ಇರಲಿ. ಚಳಿಯಲ್ಲಿದ್ದ ಯಂತ್ರವನ್ನು ಬೆಚ್ಚನೆಯ ಒಳಗೆ ತಂದ ಕೂಡಲೇ ಆನ್ ಮಾಡಬೇಡಿ, ಒಳಗೆ ಕೂತ ತೇವ ಆರಲು ಒಂದೆರಡು ಗಂಟೆ ಬಿಡಿ. ಆನ್ ಮಾಡುವಾಗ ಮೊದಲು ಇನ್ವರ್ಟರ್, ನಂತರ ಪವರ್ ಸಪ್ಲೈನ ಹಿಂಬದಿ ಸ್ವಿಚ್, ಕೊನೆಗೆ ಮಾನಿಟರ್. ಕೆಪಾಸಿಟರ್‌ಗಳು ತುಂಬುವ ಮೊದಲ ಕ್ಷಣದ ಎಳೆತ ಹಲವು ಪಟ್ಟು ಇರುತ್ತದೆ, ಎಲ್ಲವನ್ನೂ ಒಂದೇ ಸ್ವಿಚ್‌ನಲ್ಲಿ ಹಾಕಿದರೆ ಸಣ್ಣ ಇನ್ವರ್ಟರ್ ಟ್ರಿಪ್ ಆಗುತ್ತದೆ.