ಒಂದು ಗಂಟೆಯ ಟೇಬಲ್‌ನಲ್ಲಿ ಸ್ನೂಕರ್ ಅಭ್ಯಾಸ

ಪ್ರಶ್ನೆ: ಎರಡು ವರ್ಷಗಳಿಂದ ನಮ್ಮೂರಿನ ಕ್ಲಬ್ಬಿನಲ್ಲಿ ಸ್ನೂಕರ್ ಆಡುತ್ತಿದ್ದೇನೆ. ದಿನಕ್ಕೆ ಒಂದು ಗಂಟೆ ಮಾತ್ರ ಟೇಬಲ್ ಸಿಗುತ್ತದೆ. ಗೆಳೆಯರೊಂದಿಗೆ ಎರಡು ಫ್ರೇಮ್ ಆಡುವಷ್ಟರಲ್ಲಿ ಅದು ಮುಗಿದುಹೋಗುತ್ತದೆ. ನನ್ನ ಬ್ರೇಕ್ (ಒಂದೇ ಸರದಿಯಲ್ಲಿ ಸತತವಾಗಿ ಗಳಿಸುವ ಅಂಕ) 20 ದಾಟುವುದೇ ಅಪರೂಪ. ತರಬೇತುದಾರರಿಲ್ಲದೆ ಒಬ್ಬನೇ ಹೇಗೆ ಅಭ್ಯಾಸ ಮಾಡಲಿ?
– ಓದುಗರೊಬ್ಬರು, ದಾವಣಗೆರೆ

ಉತ್ತರ: ವಾರದಲ್ಲಿ ಮೂರು ದಿನವಾದರೂ ಆ ಒಂದು ಗಂಟೆಯನ್ನು ನಿಮ್ಮೊಬ್ಬರಿಗೇ ಇಟ್ಟುಕೊಳ್ಳಿ. ಫ್ರೇಮ್ ಆಡುವಾಗ ಅರ್ಧ ಹೊತ್ತು ಕುರ್ಚಿಯಲ್ಲೇ ಕಳೆಯುತ್ತದೆ. ಮೇಲಾಗಿ, ತಪ್ಪಿದ ಹೊಡೆತವನ್ನು ಅಲ್ಲೇ ಮತ್ತೆ ಹೊಡೆದು ನೋಡುವ ಅವಕಾಶ ಇರುವುದಿಲ್ಲ.

ಮೊದಲ ಹತ್ತು ನಿಮಿಷ ಯಾವ ಚೆಂಡನ್ನೂ ಪಾಟ್ ಮಾಡಬೇಡಿ, ಅಂದರೆ ಗುಂಡಿಗೆ ಹಾಕಬೇಡಿ. ಬಿಳಿ ಚೆಂಡೊಂದನ್ನೇ ಬ್ರೌನ್ ಸ್ಪಾಟ್ (ಬ್ರೌನ್ ಚೆಂಡು ಇಡುವ ಗುರುತು) ಮೇಲಿಟ್ಟು, ಅದು ಬ್ಲೂ, ಪಿಂಕ್, ಬ್ಲ್ಯಾಕ್ ಸ್ಪಾಟ್‌ಗಳ ಮೇಲೆ ಹಾಯ್ದು ಎದುರಿನ ಕುಶನ್‌ಗೆ ತಾಗಿ ಮರಳುವಂತೆ ಹೊಡೆಯಿರಿ. ಹೊಡೆದ ಮೇಲೆ ಕ್ಯೂವನ್ನು ಅಲುಗಿಸದೆ ಹಾಗೆಯೇ ಹಿಡಿದಿರಿ. ಚೆಂಡು ಬಂದು ಕ್ಯೂವಿನ ತುದಿಗೇ ತಾಗಬೇಕು. ಹೋಗುವಾಗ ನೇರವಾಗಿದ್ದು, ಕುಶನ್ ಮುಟ್ಟಿದ ಮೇಲೆ ಬಲಕ್ಕೆ ಸರಿದರೆ, ನೀವು ಅರಿವಿಲ್ಲದೆ ಚೆಂಡಿನ ನಡುಭಾಗಕ್ಕಿಂತ ಬಲಕ್ಕೆ ಹೊಡೆದು ಸೈಡ್ (ಪಕ್ಕದ ತಿರುಗು) ಕೊಟ್ಟಿದ್ದೀರಿ ಎಂದೇ ತಿಳಿಯಬೇಕು. ಎಡಕ್ಕೆ ಸರಿದರೆ ಎಡಕ್ಕೆ. ಹೋಗುವಾಗಲೇ ಗೆರೆ ತಪ್ಪಿದರೆ ನಿಲುವನ್ನೂ ಗುರಿಯನ್ನೂ ಸರಿಪಡಿಸಿಕೊಳ್ಳಿ. ಒಬ್ಬನೇ ಕಲಿಯುವವನಿಗೆ ತಪ್ಪನ್ನು ಇಷ್ಟು ಸ್ಪಷ್ಟವಾಗಿ ತೋರಿಸುವ ಅಭ್ಯಾಸ ಇನ್ನೊಂದಿಲ್ಲ. ಹೊಸಬರು ಬಹಳ ಇಷ್ಟಪಡುವ ದೂರದ ಪಾಟ್‌ಗಳೂ ಇದರಿಂದಲೇ ಸುಧಾರಿಸುತ್ತವೆ. ಅವಕ್ಕೆ ಪ್ರತ್ಯೇಕ ಸಮಯವನ್ನು ಸದ್ಯಕ್ಕೆ ಕೊಡಬೇಡಿ.

ಉಳಿದ ಸಮಯದ ಹೆಚ್ಚಿನ ಪಾಲು 'ಲೈನ್-ಅಪ್'ಗೆ ಸಲ್ಲಲಿ. ನುರಿತವರು ಹದಿನೈದೂ ಕೆಂಪು ಚೆಂಡುಗಳನ್ನು ಟೇಬಲ್‌ನ ನಡುಗೆರೆಯಲ್ಲಿ ಸಾಲಾಗಿ ಇಡುತ್ತಾರೆ, ಆದರೆ ನಿಮಗೆ ಆರು ಸಾಕು: ಪಿಂಕ್ ಮತ್ತು ಬ್ಲ್ಯಾಕ್ ನಡುವೆ ನಾಲ್ಕು, ಬ್ಲ್ಯಾಕ್‌ನ ಹಿಂದೆ ಎರಡು. ಬಿಳಿ ಚೆಂಡನ್ನು ಅನುಕೂಲವಾದ ಕಡೆ ಇಟ್ಟು ಶುರುಮಾಡಿ, ಪ್ರತಿ ಕೆಂಪಿನ ಬಳಿಕ ಬ್ಲ್ಯಾಕ್ ಹಾಕುತ್ತ ಹೋಗಿ. ಎಲ್ಲವನ್ನೂ ಹಾಕಿದರೆ 48 ಅಂಕ, ಅಂದರೆ ನಿಮ್ಮ ಈಗಿನ ಬ್ರೇಕ್‌ನ ಎರಡು ಪಟ್ಟಿಗೂ ಹೆಚ್ಚು. ಎಲ್ಲಿ ತಪ್ಪಿದರೂ ಮತ್ತೆ ಮೊದಲಿನಿಂದ ಇಡಿ. ಒಂದು ಚಿಕ್ಕ ನೋಟ್‌ಬುಕ್ಕಿನಲ್ಲಿ ಪ್ರತಿ ಸಲದ ಅಂಕವನ್ನು ಬರೆದು, ಅದರ ಪಕ್ಕದಲ್ಲಿ ಆಟ ನಿಂತಿದ್ದು ಪಾಟ್ ತಪ್ಪಿದ್ದರಿಂದಲೋ, ಬಿಳಿ ಚೆಂಡು ಬೇಕಾದ ಜಾಗಕ್ಕೆ ಬಾರದ್ದರಿಂದಲೋ ಎಂಬುದನ್ನೂ ಗುರುತು ಮಾಡಿಕೊಳ್ಳಿ. ಹೆಚ್ಚಿನವರು ತಮ್ಮ ಪಾಟಿಂಗ್ ಸಾಲದೆಂದು ಭಾವಿಸಿರುತ್ತಾರೆ, ಆದರೆ ಪುಟ ತುಂಬುವ ಹೊತ್ತಿಗೆ ಬಹಳ ಸಲ ಬೇರೆಯೇ ಕಾರಣ ಕಾಣುತ್ತದೆ. ಜಾಗದ ತಪ್ಪೇ ಹೆಚ್ಚಿದ್ದರೆ, ಮರುದಿನ ಒಂದೇ ನೇರ ಪಾಟನ್ನು ಇಟ್ಟುಕೊಂಡು, ಬಿಳಿ ಚೆಂಡನ್ನು ಒಮ್ಮೆ ಸ್ಟನ್‌ನಿಂದ ನಿಲ್ಲಿಸಿ, ಒಮ್ಮೆ ಮುಂದಕ್ಕೆ ಉರುಳಿಸಿ, ಒಮ್ಮೆ ಸ್ಕ್ರೂ ಮಾಡಿ ಹಿಂದಕ್ಕೆ ಎಳೆದು ನೋಡಿ. ಆರು ಕೆಂಪು ಸಲೀಸಾಗಿ ಮುಗಿಯತೊಡಗಿದ ಮೇಲೆ ಎರಡೆರಡನ್ನು ಸೇರಿಸುತ್ತ ಹೋಗಬಹುದು.

ಕೊನೆಯ ಹದಿನೈದು ನಿಮಿಷ ಬಣ್ಣದ ಚೆಂಡುಗಳಿಗೆ. ಹಳದಿಯಿಂದ ಬ್ಲ್ಯಾಕ್‌ವರೆಗಿನ 27 ಅಂಕಗಳನ್ನು ಒಮ್ಮೆಗೇ ಗಳಿಸಲು ಹೊರಟರೆ ದಿನವೂ ಹಳದಿ, ಹಸಿರುಗಳಲ್ಲೇ ಸಿಕ್ಕಿಕೊಂಡು, ಫ್ರೇಮ್ ನಿರ್ಧರಿಸುವ ಪಿಂಕ್, ಬ್ಲ್ಯಾಕ್‌ಗಳು ಅಭ್ಯಾಸಕ್ಕೆ ಬರುವುದೇ ಇಲ್ಲ. ಆದ್ದರಿಂದ ಹಿಂದಿನಿಂದ ಕಟ್ಟುತ್ತ ಬನ್ನಿ: ಮೊದಲು ಪಿಂಕ್ ಮತ್ತು ಬ್ಲ್ಯಾಕ್, ಅದು ಸತತವಾಗಿ ಮೂರು ಸಲ ಆದ ಮೇಲೆ ಬ್ಲೂ ಸೇರಿಸಿ, ಆಮೇಲೆ ಬ್ರೌನ್. ಬ್ರೌನ್‌ನಿಂದ ಬ್ಲೂಗೆ ಸರಿಯಾದ ಕೋನದಲ್ಲಿ ಬರುವುದು ಕಷ್ಟ. ಅಲ್ಲಿ ಹೆಚ್ಚು ದಿನ ನಿಲ್ಲಬೇಕಾದರೆ ಬೇಸರಿಸಬೇಡಿ.

ಪ್ರಶ್ನೆ: ಬಿಲಿಯರ್ಡ್ಸ್ ಆಡಿದರೆ ಸ್ನೂಕರ್ ಸುಧಾರಿಸುತ್ತದೆ ಎಂದು ಕ್ಲಬ್ಬಿನ ಹಿರಿಯರು ಹೇಳುತ್ತಾರೆ. ಇದು ನಿಜವೇ?
– ಓದುಗರೊಬ್ಬರು, ಮೈಸೂರು

ಉತ್ತರ: ನಿಜ. 1927ರಲ್ಲಿ ಮೊದಲ ವಿಶ್ವ ವೃತ್ತಿಪರ ಸ್ನೂಕರ್ ಚಾಂಪಿಯನ್ ಆದ ಜೋ ಡೇವಿಸ್ ಬಿಲಿಯರ್ಡ್ಸ್‌ನಲ್ಲೂ ವಿಶ್ವ ಚಾಂಪಿಯನ್ ಆಗಿದ್ದರು. ಬೆಂಗಳೂರಿನಲ್ಲಿ ಅರವಿಂದ ಸವೂರ್ ಅವರ ಬಳಿ ಪಳಗಿದ ಪಂಕಜ್ ಅಡ್ವಾಣಿ 2003ರಲ್ಲಿ ವಿಶ್ವ ಹವ್ಯಾಸಿ ಸ್ನೂಕರ್ ಪ್ರಶಸ್ತಿ ಗೆದ್ದವರು. ಬಿಲಿಯರ್ಡ್ಸ್‌ನಲ್ಲಿಯೂ ಅನೇಕ ವಿಶ್ವ ಪ್ರಶಸ್ತಿಗಳು ಅವರದ್ದಾಗಿವೆ. ಮೂರೇ ಚೆಂಡುಗಳ ಆ ಆಟದಲ್ಲಿ ತಾಗಿದ ಬಳಿಕ ಎರಡು ಚೆಂಡುಗಳೂ ಎಲ್ಲಿ ನಿಲ್ಲುತ್ತವೆ ಎಂದು ಲೆಕ್ಕಹಾಕದೆ ಬ್ರೇಕ್ ಬೆಳೆಯುವುದಿಲ್ಲ, ಮತ್ತು ಸ್ನೂಕರ್ ಆಟಗಾರರಲ್ಲಿ ಹೆಚ್ಚಾಗಿ ಕಾಣುವ ಕೊರತೆಯೂ ಅದೇ. ಆದರೆ ಅದು ಪಾಟಿಂಗ್ ಅಭ್ಯಾಸಕ್ಕೆ ಬದಲಿಯಲ್ಲ. ವಾರಕ್ಕೊಮ್ಮೆ ಅರ್ಧ ಗಂಟೆ ಕೆಂಪು ಚೆಂಡಿನ ಇನ್-ಆಫ್‌ಗಳನ್ನು (ನೀವು ಹೊಡೆದ ಚೆಂಡು ಕೆಂಪಿಗೆ ತಾಗಿ ತಾನೇ ಗುಂಡಿಗೆ ಬೀಳುವ ಹೊಡೆತಗಳನ್ನು) ಆಡಿ. ಪ್ರತಿ ಹೊಡೆತಕ್ಕೂ ಮುಂಚೆ ಕೆಂಪು ಎಲ್ಲಿ ನಿಲ್ಲಬೇಕೆಂದು ಹೇಳಿಕೊಂಡು, ಅದು ಅಲ್ಲಿಗೆ ಬಂದರೆ ಮಾತ್ರ ಅಂಕ ಎಣಿಸಿಕೊಳ್ಳಿ.