ಇನ್‌ಚಾರ್ಜ್ ವಹಿಸಿಕೊಳ್ಳಿ, ಆದರೆ ಮೊದಲು ಅಕ್ಕಿ ತೂಗಿಸಿ

ನಿಮ್ಮ ಪ್ರಶ್ನೆ ಓದಿ ಸ್ವಲ್ಪ ಹೊತ್ತು ಮೊಬೈಲ್ ಕೆಳಗಿಟ್ಟು ಕೂತುಬಿಟ್ಟೆ. ಬಾಲಕರ ಪ್ರೌಢಶಾಲೆ, ವರ್ಷದೊಳಗೆ ಅರ್ಧ ಸ್ಟಾಫ್ ಖಾಲಿ, ಈ 31ಕ್ಕೆ ಹೆಡ್‌ಮಾಸ್ಟರ್ ನಿವೃತ್ತಿ, ಉಳಿದವರಲ್ಲಿ ಹಿರಿಯರಾದ ನಿಮ್ಮ ತಲೆಗೆ ಇನ್‌ಚಾರ್ಜ್, ಅಂದರೆ ಹೆಡ್‌ಮಾಸ್ಟರ್ ಹೊಣೆ. ಒಪ್ಪಿಕೊಳ್ಳಲೋ, ವರ್ಗಾವಣೆ ಕೇಳಿ ಹೊರಡಲೋ ಅಂತ ಕೇಳಿದ್ದೀರಿ. 2018ರ ಮೇ 31ರಂದು ನಾನು ನಿಂತಿದ್ದೂ ಇದೇ ಜಾಗದಲ್ಲಿ. ಮಂಡ್ಯ ಜಿಲ್ಲೆಯ ಒಂದು ಬಾಲಕರ ಪ್ರೌಢಶಾಲೆ, ಹೆಸರು ಬೇಡ.

ಆ ಸಂಜೆ ನಮ್ಮ ಹೆಡ್‌ಮಾಸ್ಟರಿಗೆ ಬೀಳ್ಕೊಡುಗೆ. ಮೈಸೂರು ಪೇಟ, ಶಾಲು, ಗಂಧದ ಹಾರ, ಉಪ್ಪಿಟ್ಟು, ಕೇಸರಿಬಾತು. ಹಳೇ ವಿದ್ಯಾರ್ಥಿಗಳು ಕಾಲಿಗೆ ಬಿದ್ದರು, ಅವರೂ ಅತ್ತರು, ನಾವೂ ಅತ್ತೆವು. ಎಲ್ಲ ಮುಗಿದ ಮೇಲೆ ಆಫೀಸ್ ರೂಮಿನಲ್ಲಿ ಚಾರ್ಜ್ ಲಿಸ್ಟ್, ಅಂದರೆ ನನಗೆ ಒಪ್ಪಿಸೋದರ ಪಟ್ಟಿ, ಮುಂದಿಟ್ಟರು. ದಾಖಲಾತಿ ವಹಿ, ಕ್ಯಾಶ್ ಬುಕ್, ಪಾಸ್ ಬುಕ್, ಸೇವಾ ಪುಸ್ತಕಗಳು, ಕಂಪ್ಯೂಟರು, ಲ್ಯಾಬ್ ಸಾಮಾನು, ಕೊನೆಯ ಹಾಳೆಯಲ್ಲಿ ಅಕ್ಷರ ದಾಸೋಹದ, ಅಂದರೆ ಬಿಸಿಯೂಟದ, ದಾಸ್ತಾನು: ಅಕ್ಕಿ 450 ಕೆ.ಜಿ., ಅಂದರೆ 50 ಕೆ.ಜಿ.ಯ ಒಂಬತ್ತು ಚೀಲ. ಬಾಗಿಲ ಹತ್ತಿರ ಲೋಟ ಎತ್ತುತ್ತಿದ್ದ ನಮ್ಮ ಮುಖ್ಯ ಅಡುಗೆಯವರು ಮೆಲ್ಲಗೆ ಹೇಳಿದರು: "ಮೇಷ್ಟ್ರೇ, ಒಂದ್ಸಲ ಚೀಲ ಎಣಿಸ್ಕಂಡು ಸೈನ್ ಹಾಕಿ."

ನಾನು ಎಣಿಸಲಿಲ್ಲ. ಯಾಕೆ ಅಂತ ಎಷ್ಟು ಸಲ ಯೋಚಿಸಿದ್ದೀನೋ ಲೆಕ್ಕವಿಲ್ಲ. ಕೊರಳಲ್ಲಿ ಇನ್ನೂ ಹಾರ ಇದ್ದ ಹಿರಿಯರ ಮುಂದೆ "ಸರ್, ಸ್ಟೋರ್ ರೂಮ್ ತೆಗೆಸಿ, ತೂಗಿ ನೋಡೋಣ" ಅನ್ನೋಕೆ ಬಾಯಿ ಬರಲಿಲ್ಲ. ಕೇಳಿದರೆ ಅವರನ್ನು ಕಳ್ಳ ಅಂದಂಗೆ ಆಗುತ್ತೆ ಅಂದುಕೊಂಡೆ. ಸ್ಟೋರ್ ರೂಮ್ ಇಪ್ಪತ್ತು ಹೆಜ್ಜೆ ದೂರದಲ್ಲಿತ್ತು, ಬೀಗದ ಕೈ ಮೇಜಿನ ಮೇಲೇ ಇತ್ತು, ಹತ್ತು ನಿಮಿಷದ ಕೆಲಸ. "ಮೇಲ್ಕಂಡ ದಾಸ್ತಾನು ಸರಿಯಾಗಿದ್ದು, ವಹಿಸಿಕೊಂಡಿರುತ್ತೇನೆ" ಅನ್ನೋ ಸಾಲಿನ ಕೆಳಗೆ ಸಹಿ ಹಾಕಿದೆ. ಆ ಒಂದು ಸಾಲಿನಿಂದ, ಒಳಗೆ ಏನಿತ್ತೋ ಏನಿರಲಿಲ್ಲವೋ ಎಲ್ಲ ನನ್ನದಾಯಿತು. ಒಬ್ಬರು ಕೊಟ್ಟರು, ಇನ್ನೊಬ್ಬರು ತಗೊಂಡರು ಅಂತ ಕಾಗದದ ಮೇಲೆ ಆದಮೇಲೆ ಅದರ ಹಿಂದಿನ ಕಥೆ ಯಾವ ಆಫೀಸಿನಲ್ಲೂ ಕೇಳೋದಿಲ್ಲ.

ಜೂನ್ ಎರಡನೇ ವಾರದಲ್ಲಿ ಅದೇ ಅಡುಗೆಯವರು ಬಂದು, "ಅಕ್ಕಿ ಮುಗೀತು ಕನ ಮೇಷ್ಟ್ರೇ, ನಾಳಿಕೆ ಏನ್ ಬೇಯ್ಸ್ಲಿ?" ಅಂದರು. ಪುಸ್ತಕದಲ್ಲಿ ಇನ್ನೂ ನಾಲ್ಕು ಚೀಲಕ್ಕಿಂತ ಹೆಚ್ಚಿತ್ತು. ನೆಲದ ಮೇಲೆ ಏನೂ ಇರಲಿಲ್ಲ. ಹಳೇ ಹೆಡ್‌ಮಾಸ್ಟರಿಗೆ ಫೋನ್ ಮಾಡಿದೆ. "ನಾನು ಕೊಟ್ಟಿದ್ದೀನಿ, ನೀವು ತಗೊಂಡಿದ್ದೀರಿ, ಸಹಿ ಇದೆಯಲ್ಲ" ಅಂದರು. ಅವತ್ತೇ ಬರವಣಿಗೆಯಲ್ಲಿ ಮೇಲಕ್ಕೆ ತಿಳಿಸಿದ್ದರೂ ಉಳಿಯುತ್ತಿದ್ದೆ. ಹೊಸ ಅಕ್ಕಿ ಬಂದಾಗ ನಿಧಾನಕ್ಕೆ ಸರಿದೂಗಿಸೋಣ ಅಂತ ಸುಮ್ಮನಾದೆ. ಆಗಸ್ಟಿನಲ್ಲಿ ತಪಾಸಣೆಗೆ ಬಂದವರು ಚೀಲ ತೂಗಿಸಿದರು. ಕಾರಣ ಕೇಳಿ ನೋಟಿಸ್ ಬಂತು. ಮೂರು ತಿಂಗಳು ಸಂಬಳದಲ್ಲಿ ಹಿಡಿದುಕೊಂಡರು. ಆ ದುಡ್ಡು ದೊಡ್ಡದಲ್ಲ. ಶಾಲೆಯ ಮೇಲುಸ್ತುವಾರಿ ಸಮಿತಿ (ಎಸ್‌ಡಿಎಂಸಿ) ಸಭೆಯಲ್ಲಿ ಮಾತು ಅಡುಗೆಮನೆ ಕಡೆ ತಿರುಗಿತು. "ಸೆರಗಿನಲ್ಲಿ ಹೋಗಿರುತ್ತೆ" ಅಂತ ಒಬ್ಬರು ಅಂದೇಬಿಟ್ಟರು. ಎಣಿಸಿಕೊಳ್ಳಿ ಅಂತ ಹೇಳಿದ ಒಬ್ಬರೇ ಒಬ್ಬರು ಅವರು, ನಾನು ಎದ್ದು ನಿಂತು ಅದನ್ನ ಹೇಳಲಿಲ್ಲ. ದಸರಾ ರಜೆಗೆ ಹೋದವರು ವಾಪಸ್ ಬರಲಿಲ್ಲ.

ಹೊಸ ಅಡುಗೆಯವರಿಗೆ ನಾನೇ ನಿಂತು ತೂಗಿ ಕೊಟ್ಟೆ. ಪ್ರೌಢಶಾಲೆಯಲ್ಲಿ ಒಬ್ಬ ಹುಡುಗನಿಗೆ ದಿನಕ್ಕೆ 150 ಗ್ರಾಂ ಅಕ್ಕಿ. 160 ಹುಡುಗರಿಗೆ 24 ಕೆ.ಜಿ. ಮೊದಲ ದಿನವೇ ಹತ್ತನೇ ಕ್ಲಾಸಿನವರು ಲೈನಿನ ಕೊನೆಗೆ ಬರುವಷ್ಟರಲ್ಲಿ ಪಾತ್ರೆ ತಳ ಕಂಡಿತ್ತು. ಉದ್ದಕ್ಕೆ ಬೆಳೆದ ಹುಡುಗರು, ಬೆಳಗ್ಗೆ ಹಾಲು ಹಾಕಿ, ಹುಲ್ಲು ತಂದು, ಬಸ್ಸಿನಲ್ಲಿ ನಿಂತುಕೊಂಡು ಬಂದವರು. ಒಬ್ಬ ತಟ್ಟೆ ಹಿಡಿದುಕೊಂಡು ನನ್ನ ಮುಖ ನೋಡಿದ, ಏನೂ ಕೇಳಲಿಲ್ಲ. ಆಗ ಗೊತ್ತಾಯಿತು ನನಗೆ ಅಕ್ಕಿ ಎಲ್ಲಿ ಹೋಗಿತ್ತು ಅಂತ. ಹಳೇ ಅಡುಗೆಯವರು ಸೇರಿನಲ್ಲಿ ಅಳೆದು, ಮೇಲೆ ಒಂದು ಹಿಡಿ ಹಾಕುತ್ತಿದ್ದರು. ಪುಸ್ತಕ ಮಾತ್ರ ಗ್ರಾಂ ಲೆಕ್ಕದಲ್ಲಿ ನಡೆಯುತ್ತಿತ್ತು. ತಲೆಗೆ ಹತ್ತು ಗ್ರಾಂ ಹೆಚ್ಚು ಬೆಂದರೆ ದಿನಕ್ಕೆ 1.6 ಕೆ.ಜಿ., 125 ದಿನಕ್ಕೆ 200 ಕೆ.ಜಿ. ಅದೇ ನಾಲ್ಕು ಚೀಲ. ಯಾರೂ ಕದ್ದಿರಲಿಲ್ಲ. ಹಳೇ ಹೆಡ್‌ಮಾಸ್ಟರೂ ಕದ್ದಿರಲಿಲ್ಲ, ವ್ಯತ್ಯಾಸವನ್ನ ಬರೆದಿಡದೆ ಹೋಗಿದ್ದರು ಅಷ್ಟೇ.

ಇನ್ನು ನೀವು ಬರೆದಿರೋ ಒಂದು ಮಾತು ನನಗೆ ಒಪ್ಪಿಗೆಯಿಲ್ಲ. "ಗಂಡು ಹುಡುಗರ ಶಾಲೆ, ಕಂಟ್ರೋಲ್ ಆಗಲ್ಲ, ಅದಕ್ಕೇ ಯಾರೂ ನಿಲ್ಲಲ್ಲ" ಅಂದಿದ್ದೀರಿ. ನಮ್ಮಲ್ಲಿ ಹೋದವರನ್ನ ಎಣಿಸಿ. ಗಣಿತದ ಮೇಡಂ 180 ದಿನ ಹೆರಿಗೆ ರಜೆ. ಇಂಗ್ಲಿಷ್ ಮೇಷ್ಟ್ರು ನಿಯೋಜನೆ ಮೇಲೆ ಆಫೀಸಿಗೆ. ವಿಜ್ಞಾನದ ಅತಿಥಿ ಶಿಕ್ಷಕ ಗೌರವಧನ ತಿಂಗಳುಗಟ್ಟಲೆ ಬರದೆ ಜನವರಿಯಲ್ಲಿ ಖಾಸಗಿ ಶಾಲೆಗೆ ಹೋದ. ಇದರಲ್ಲಿ ಯಾರನ್ನ ಹುಡುಗರು ಓಡಿಸಿದರು? ಆ ವಿಜ್ಞಾನದ ಮೇಷ್ಟ್ರು ಹೊರಡೋ ದಿನ ಹತ್ತನೇ ಕ್ಲಾಸಿನವರು ಗೇಟಿನವರೆಗೂ ಅವರ ಬೈಕ್ ತಳ್ಳಿಕೊಂಡು ಬಂದರು, ಸ್ಟಾರ್ಟ್ ಮಾಡೋಕೆ ಬಿಡದೆ.

2018ರ ನವೆಂಬರ್ 24, ಶನಿವಾರ. ಕನಗನಮರಡಿ ಹತ್ತಿರ ಬಸ್ಸು ವಿ.ಸಿ. (ವಿಶ್ವೇಶ್ವರಯ್ಯ) ನಾಲೆಗೆ ಬಿದ್ದು 30 ಜನ ತೀರಿಕೊಂಡ ದಿನ. ಸತ್ತವರಲ್ಲಿ ಶಾಲಾ ಮಕ್ಕಳಿದ್ದಾರೆ ಅಂತ ಸುದ್ದಿ ಬಂದಾಗ ನಮ್ಮ ಹುಡುಗರು ಆಗಲೇ ಮನೆ ಕಡೆ ಹೊರಟಿದ್ದರು. ಆ ಕಡೆಯಿಂದ ಬರುವವರೂ ಇದ್ದರು. ಸ್ಟಾಫ್ ರೂಮಿನಲ್ಲಿ ಉಳಿದಿದ್ದು ನಾಲ್ಕು ಜನ, ಅದರಲ್ಲಿ ಇಬ್ಬರು ಅತಿಥಿ ಶಿಕ್ಷಕರು. ಹಾಜರಿ ಪುಸ್ತಕ ಹರಡಿಕೊಂಡು ಒಂದೊಂದೇ ಮನೆಗೆ ಫೋನ್ ಮಾಡಿದೆವು. "ಮಗ ಮನೇಲವ್ನೆ ಸಾರ್" ಅಂದಾಗ ಹೆಸರಿನ ಮುಂದೆ ಟಿಕ್. ಕೊನೆಯ ಹೆಸರಿಗೆ ಟಿಕ್ ಹಾಕುವಾಗ ರಾತ್ರಿಯಾಗಿತ್ತು. ಸಂಬಳ ಬಾರದ ಆ ಇಬ್ಬರಲ್ಲಿ ಒಬ್ಬರೂ ಮನೆಗೆ ಹೋಗ್ತೀನಿ ಅನ್ನಲಿಲ್ಲ.

ಆ ಶಾಲಾ ವರ್ಷದಲ್ಲಿ ಮಿಕ್ಕಿದ್ದೆಲ್ಲ ಓಡಿಹೋಯಿತು. ಮಾರ್ಚ್ 21ಕ್ಕೆ ಎಸ್‌ಎಸ್‌ಎಲ್‌ಸಿ ಪರೀಕ್ಷೆ, ಏಪ್ರಿಲ್ 18ಕ್ಕೆ ಮತದಾನ, ನಮಗೆ ಎರಡರ ಡ್ಯೂಟಿಯೂ.

ಹಾಗಾಗಿ ವರ್ಗಾವಣೆ ಕೇಳಬೇಡಿ ಅನ್ನೋದೇ ನನ್ನ ಅಭಿಪ್ರಾಯ. ನೀವೂ ಹೊರಟರೆ ನಿಮಗಿಂತ ಕಿರಿಯರ ತಲೆಗೆ ಇದು ಬೀಳುತ್ತೆ, ಅವರಿಗೆ ಹೇಳಿಕೊಡೋಕೂ ಯಾರೂ ಇರಲ್ಲ. ಇನ್‌ಚಾರ್ಜ್ ತಗೊಳ್ಳಿ. ಬಾಯಿಮಾತಲ್ಲಿ ಬೇಡ, ಆದೇಶ ಪತ್ರ ಕೈಗೆ ಬರಲಿ. ಚಾರ್ಜ್ ಲಿಸ್ಟಿನ ಒಂದೊಂದು ಸಾಲನ್ನೂ ಕಣ್ಣಾರೆ ನೋಡಿ. ಅವತ್ತು ಆಗದೇ ಇದ್ದುದರ ಮುಂದೆ "ಭೌತಿಕ ಪರಿಶೀಲನೆಗೆ ಒಳಪಟ್ಟು" ಅಂತ ನಿಮ್ಮ ಕೈಯಲ್ಲೇ ಬರೆದು, ತಾರೀಕು ಹಾಕಿ, ಆಮೇಲೆ ಸಹಿ. ವ್ಯತ್ಯಾಸ ಕಂಡರೆ ಅದೇ ವಾರ ಪತ್ರ ಬರೆದು ಸ್ವೀಕೃತಿ ತಗೊಳ್ಳಿ. ಹಿರಿಯರಿಗೆ ಬೇಜಾರಾಗುತ್ತೆ ಅನ್ನೋ ಯೋಚನೆ ಬಿಡಿ, "ಸರ್, ಇದು ನಿಮಗೂ ಒಳ್ಳೇದು, ಪಿಂಚಣಿ ಕಾಗದ ಓಡಾಡೋ ಹೊತ್ತಲ್ಲಿ ಯಾರೂ ನಿಮ್ಮನ್ನ ಕೇಳಬಾರದು" ಅಂದರೆ ಅವರೇ ಎದ್ದು ಬರುತ್ತಾರೆ.

31ನೇ ತಾರೀಕು ಬೀಳ್ಕೊಡುಗೆ ಮಧ್ಯಾಹ್ನಕ್ಕೆ ಇಡಿಸಿ. ಕತ್ತಲಾಗೋಕೆ ಮುಂಚೆ ಸ್ಟೋರ್ ರೂಮಿನ ಬೀಗ ತೆಗೆಸಿ, ಅಡುಗೆಯವರನ್ನೂ ಪಕ್ಕದಲ್ಲಿ ನಿಲ್ಲಿಸಿಕೊಂಡು ತೂಗಿಸಿ, ಆ ಹಾಳೆಯಲ್ಲಿ ಅವರ ಸಹಿಯನ್ನೂ ಹಾಕಿಸಿ.