ಲೇಬರ್ ಕ್ಯಾಂಪಿನ ಮಕ್ಕಳಿಗೆ ಪೌಷ್ಟಿಕ ಆಹಾರ ಕೊಡುವ ಕಾರ್ಯಕ್ರಮದಿಂದ ಉಪಯೋಗವಾಗಿದೆಯೇ ಎಂದು ತಿಳಿಯುವುದು ಹೇಗೆ?

ನೀವು ಎಂಎಸ್‌ಡಬ್ಲ್ಯೂ (ಸಮಾಜಕಾರ್ಯ ಸ್ನಾತಕೋತ್ತರ ಪದವಿ) ವಿದ್ಯಾರ್ಥಿ, ಪುಣೆ ಪಕ್ಕದ ವಾಘೋಲಿ ಕಡೆಯ ಲೇಬರ್ ಕ್ಯಾಂಪುಗಳಲ್ಲಿ ನಮ್ಮ ಯಾದಗಿರಿ, ಕಲಬುರಗಿ ಜನರ ಮಕ್ಕಳಿಗಾಗಿ ನಡೆಯುವ ಕಾರ್ಯಕ್ರಮದ ಮೌಲ್ಯಮಾಪನ ನಿಮಗೆ ವಹಿಸಿದ್ದಾರೆ. ಶುರುವಿನಲ್ಲೊಮ್ಮೆ, ಆರು ತಿಂಗಳಾದ ಮೇಲೊಮ್ಮೆ ಮಕ್ಕಳನ್ನು ತೂಗಿದರೆ ಸಾಕೇ ಎಂದು ಕೇಳಿದ್ದೀರಿ. ಪುಣೆಯಲ್ಲಿ ಇದೇ ಕೆಲಸ ಮಾಡುವವಳಾಗಿ ಹೇಳುತ್ತೇನೆ: ಸಾಲದು. ಕ್ಯಾಂಪಿನಲ್ಲಿ ಉಳಿದ ಮಕ್ಕಳಿಗಿಂತ ಮೊದಲು ಬಿಟ್ಟುಹೋದ ಮಕ್ಕಳನ್ನು ಹುಡುಕಿ.

ಕಟ್ಟಡದ ಸ್ಲ್ಯಾಬ್ ಮುಗಿದರೆ ಮುಕಾದಮ, ಅಂದರೆ ಕೂಲಿಕಾರರ ಮೇಸ್ತ್ರಿ, ತನ್ನ ಜನರನ್ನು ಹಿಂಜವಡಿಗೋ ಬಾಣೇರಕ್ಕೋ ಕರೆದೊಯ್ಯುತ್ತಾನೆ. ಹೆರಿಗೆಗೆ ಹೆಂಗಸರು ತವರಿಗೆ ಹೋಗುತ್ತಾರೆ. ಮುಂಗಾರು ಬಿತ್ತನೆಗೆ ಮನೆಮಂದಿಯೆಲ್ಲ ಊರು ಸೇರುವುದುಂಟು. ಶುರುವಿನಲ್ಲಿ 60 ಮಕ್ಕಳನ್ನು ತೂಗಿದಿರಿ ಎನ್ನೋಣ, ಆರು ತಿಂಗಳ ಮೇಲೂ 60 ಮಕ್ಕಳೇ ಸಿಕ್ಕರು. ಅವರಲ್ಲಿ 25 ಮಂದಿ ಮಾತ್ರ ಹಳಬರಾಗಿದ್ದರೆ ನಿಮ್ಮ ಸರಾಸರಿ ಏನನ್ನು ಹೇಳುತ್ತದೆ? ಕ್ಯಾಂಪಿಗೆ ಹೊಸಬರು ಬಂದರು ಎಂಬುದನ್ನಷ್ಟೇ. ಆದ್ದರಿಂದ ಮೊದಲ ದಿನವೇ ತಾಯಿಯ ಒಪ್ಪಿಗೆ ಪಡೆದು, ಊರಿನಲ್ಲಿರುವ ಒಬ್ಬ ಬಂಧುವಿನ ಫೋನ್ ನಂಬರ್ ಬರೆದಿಟ್ಟುಕೊಳ್ಳಿ. ಮಗು ಕಾಣದಿದ್ದರೆ ಫೋನ್ ಮಾಡಿ ಕಾರಣ ಕೇಳಿ. ಬೇರೆ ಸೈಟಿಗೆ ಹೋಯಿತೇ, ಊರಿಗೆ ಹೋಯಿತೇ, ಕಾಯಿಲೆಯಾಯಿತೇ, ತೀರಿಕೊಂಡಿತೇ. ಕೊನೆಯ ಪ್ರಶ್ನೆ ಕೇಳುವುದು ಕಷ್ಟ. ಆದರೆ ಕೇಳದೆ ಬಿಟ್ಟರೆ ಸತ್ತ ಮಗು ನಿಮ್ಮ ಪಟ್ಟಿಯಲ್ಲಿ ‘ಸಿಗಲಿಲ್ಲ’ ಎಂದಾಗಿ ಉಳಿಯುತ್ತದೆ, ಕಾರ್ಯಕ್ರಮ ಮಾತ್ರ ಗೆದ್ದಂತೆ ಕಾಣುತ್ತದೆ.

ಇನ್ನೊಂದು ಮಾತು. ತೀರಾ ಸೊರಗಿದ ಮಕ್ಕಳನ್ನೇ ಆರಿಸಿಕೊಂಡರೆ ಅವರಲ್ಲಿ ಕೆಲವರು ಆಗಷ್ಟೇ ಭೇದಿ, ಜ್ವರದಿಂದ ಎದ್ದವರಾಗಿರುತ್ತಾರೆ. ನೀವು ಏನೂ ಕೊಡದಿದ್ದರೂ ಅವರು ಒಂದಿಷ್ಟು ಮೈ ತುಂಬಿಕೊಳ್ಳುತ್ತಾರೆ. ಮಳೆಗಾಲದಲ್ಲಿ ತೂಗಿ, ಚಳಿಗಾಲದಲ್ಲಿ ಮತ್ತೆ ತೂಗಿದರೂ ಹಾಗೇ. ಇದಕ್ಕೆ ಹೋಲಿಕೆಯ ಕ್ಯಾಂಪ್ ಬೇಕೇ ಬೇಕು. ಕಾರ್ಯಕ್ರಮ ಮುಂದೆ ತಲುಪಲಿರುವ ಒಂದು ಕ್ಯಾಂಪನ್ನು ಆರಿಸಿಕೊಂಡು, ಅಲ್ಲಿಯೂ ಅದೇ ತಿಂಗಳಲ್ಲಿ ಅಳೆಯಿರಿ. ಆರು ತಿಂಗಳಿಂದ ಐದು ವರ್ಷದ ಮಕ್ಕಳ ತೋಳಿನ ಸುತ್ತಳತೆ ನೋಡಲು ಅಳತೆಪಟ್ಟಿ ಹಾಕುವಾಗ ಎಡಗೈ ಸಡಿಲವಾಗಿ ಇಳಿಬಿಟ್ಟಿರಲಿ, ಭುಜಕ್ಕೂ ಮೊಣಕೈಗೂ ನಟ್ಟನಡುವೆ ಗುರುತು ಮಾಡಿ, ಚರ್ಮ ಒತ್ತದಂತೆ ಸುತ್ತಿ. 11.5 ಸೆಂ.ಮೀ.ಗಿಂತ ಕಡಿಮೆ ಬಂದರೆ ಅದು ತೀವ್ರ ಅಪೌಷ್ಟಿಕತೆ. ಆ ಮಗು ಯಾವ ಕ್ಯಾಂಪಿನದೇ ಆಗಲಿ, ಅಂದೇ ಆಸ್ಪತ್ರೆಗೆ ಕಳಿಸಿ. ಅಧ್ಯಯನ ಕೆಡುತ್ತದೆ ಎಂದು ಕಾಯಿಸುವ ಹಕ್ಕು ಯಾರಿಗೂ ಇಲ್ಲ.

‘ಕೊಟ್ಟ ಪ್ಯಾಕೆಟ್ ಕೂಸು ತಿಂತದೇನ್ರಿ?’ ಎಂದು ಕೇಳಬೇಡಿ. ಮುಕಾದಮ ಪಕ್ಕದಲ್ಲೇ ನಿಂತಿರುವಾಗ ಯಾವ ತಾಯಿಯೂ ಇಲ್ಲವೆನ್ನುವುದಿಲ್ಲ. ಸಂಜೆ ಅವಳು ರೊಟ್ಟಿ ಬಡಿಯುವ ಹೊತ್ತಿಗೆ ಹೋಗಿ ಕೂತು, ‘ನಿನ್ನೆ ಮುಂಜಾನೆಯಿಂದ ಕೂಸು ಏನೇನು ತಿಂತು, ಹೇಳ್ರಿ’ ಎನ್ನಿ. ಪ್ಯಾಕೆಟ್ಟನ್ನು ಮನೆಯ ಮಕ್ಕಳೆಲ್ಲ ಹಂಚಿಕೊಂಡದ್ದು, ದೊಡ್ಡ ಹುಡುಗಿ ಕೆಲಸಕ್ಕೆ ಹೋದ ತಾಯಿಯ ಬದಲು ತಮ್ಮನಿಗೆ ಉಣಿಸಿದ್ದು ಆಗ ತಾನಾಗಿ ಹೊರಬರುತ್ತದೆ. ಪ್ರಶ್ನಾವಳಿ ಅಚ್ಚಾಗುವ ಮೊದಲೇ ಕ್ಯಾಂಪಿನ ಮೂರು ನಾಲ್ಕು ತಾಯಂದಿರ ಎದುರು ಓದಿ. ಯಾವ ಪ್ರಶ್ನೆ ಬೇಡ, ಯಾವುದು ಬಿಟ್ಟುಹೋಗಿದೆ ಎಂದು ಅವರೇ ಹೇಳುತ್ತಾರೆ. ಸಮುದಾಯ ಆಧಾರಿತ ಸಂಶೋಧನೆ ಶುರುವಾಗುವುದೇ ಅಲ್ಲಿಂದ.

‘ಫಲಿತಾಂಶ ಚೆನ್ನಾಗಿ ಬರದಿದ್ದರೆ ಸಂಸ್ಥೆಯವರು ಬೇಸರಿಸಿಕೊಳ್ಳುತ್ತಾರೆ’ ಎಂಬ ಅಂಜಿಕೆಯನ್ನೂ ನೀವು ಹೇಳಿಕೊಂಡಿದ್ದೀರಿ. ಅವರಿಗೆ ಮುಂಬೈಯ ಸ್ನೇಹಾ ಎಂಬ ಸ್ವಯಂಸೇವಾ ಸಂಸ್ಥೆಯ ಅಧ್ಯಯನವನ್ನು ತೋರಿಸಿ. ಜಾರ್ಖಂಡ್ ಮತ್ತು ಒಡಿಶಾದಲ್ಲಿ ಏಕಜುಟ್ ಸಂಸ್ಥೆ ನಡೆಸಿದ, ಹೆಂಗಸರು ಕೂಡಿ ಬಾಣಂತಿ, ಕೂಸಿನ ಆರೋಗ್ಯದ ಬಗ್ಗೆ ಮಾತಾಡುವ ಮಹಿಳಾ ಗುಂಪುಗಳಿಂದ ನವಜಾತ ಶಿಶುಗಳ ಸಾವು ಕಡಿಮೆಯಾದದ್ದು 2010ರಲ್ಲಿ ಪ್ರಕಟವಾಯಿತು. ಅಂಥದೇ ಗುಂಪುಗಳನ್ನು ಮುಂಬೈಯಲ್ಲೂ ಪರೀಕ್ಷಿಸಿದರು. 48 ಸ್ಲಂ ಪ್ರದೇಶಗಳಲ್ಲಿ ಅರ್ಧ ಕಡೆ ಗುಂಪು ಕಟ್ಟಿ, ಅರ್ಧ ಕಡೆ ಕಟ್ಟದೆ ಹೋಲಿಸಿ ನೋಡಿದರೆ ಗುಂಪುಗಳಿಂದ ಹೇಳಿಕೊಳ್ಳುವಂಥ ಉಪಯೋಗ ಕಾಣಲಿಲ್ಲ. 2012ರಲ್ಲಿ ಅದನ್ನು ಮುಚ್ಚಿಡದೆ ಪ್ರಕಟಿಸಿದರು. ಮುಂಬೈಯಲ್ಲಿ ಹೆಚ್ಚಿನ ಹೆರಿಗೆಗಳು ಮೊದಲೇ ಆಸ್ಪತ್ರೆಯಲ್ಲಿ ಆಗುತ್ತಿದ್ದವು. ಹಳ್ಳಿಯ ಕೊರತೆ ಬೇರೆ, ನಗರದ್ದು ಬೇರೆ. ನನಗೆ ಈ ಅಧ್ಯಯನದ ಮೇಲೆ ತುಂಬ ಗೌರವ. ಉಪಯೋಗವಿಲ್ಲದ ಕೆಲಸಕ್ಕೆ ಬಡವರ ಸಮಯ ಮತ್ತು ದಾನಿಗಳ ಹಣ ಮತ್ತೆ ಮತ್ತೆ ಹೋಗುವುದನ್ನು ತಡೆಯುವುದು ಇಂಥ ವರದಿಗಳೇ.

ಸಂಶೋಧನೆಯನ್ನು ಪರಿಶೀಲಿಸುವ ನೈತಿಕ ಸಮಿತಿಯ ಅನುಮತಿಯನ್ನು ಮೊದಲೇ ಪಡೆಯಿರಿ, ಐಸಿಎಂಆರ್‌ (ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ) 2017ರಲ್ಲಿ ಹೊರಡಿಸಿದ ಸಂಶೋಧನಾ ನೀತಿಯ ಮಾರ್ಗಸೂಚಿ ಓದಿಕೊಳ್ಳಿ. ವರದಿ ಸಂಸ್ಥೆಗೆ ಹೋಗುವ ಮುನ್ನ ಕ್ಯಾಂಪಿನ ರಜೆಯ ದಿನ ತಾಯಂದಿರನ್ನು ಕೂರಿಸಿ, ಏನು ಕಂಡಿತು ಎಂದು ಕನ್ನಡದಲ್ಲೇ ಹೇಳಿ. ಅವರು ಒಪ್ಪದ ಅಂಶಗಳನ್ನೂ ವರದಿಯಲ್ಲಿ ಬರೆಯಿರಿ.